ಆಸ್ಪತ್ರೆಯ ಶಾಲೆ: ಪಾಠದ ಜೊತೆಗೆ ಮಕ್ಕಳಿಗೆ ಏನು ಮಾಡಿಸಬಹುದು?

ಮಗು ಆಸ್ಪತ್ರೆ ಸೇರಿ ಎರಡು ವಾರ ಕಳೆದ ಮೇಲೆ ಬರುವ ತೊಂದರೆಯೇ ಬೇರೆ. ಮೊದಲ ದಿನಗಳ ಗಾಬರಿ ಇಳಿದಿರುತ್ತದೆ. ನೋಡಲು ಬರುವವರು ಕಡಿಮೆಯಾಗಿರುತ್ತಾರೆ. ಯಾರೋ ತಂದುಕೊಟ್ಟ ಬಣ್ಣ ತುಂಬುವ ಪುಸ್ತಕ ಅರ್ಧಕ್ಕೆ ನಿಂತಿರುತ್ತದೆ, ಮೊಬೈಲಿನ ಕಾರ್ಟೂನೂ ಸಾಕಾಗಿರುತ್ತದೆ. ವಾರ್ಡಿನ ಶಾಲೆಗೆ ಬಾ ಎಂದು ಟೀಚರ್ ಕರೆದರೆ ಮಗು ಗೋಡೆಯ ಕಡೆ ಹೊರಳಿಕೊಳ್ಳುತ್ತದೆ. “ಏನು ಮಾಡಿಸಿದ್ರೂ ಮನಸ್ಸೇ ಕೊಡಲ್ಲ” ಎಂದು ತಾಯಂದಿರು ಹೇಳುತ್ತಾರೆ. ವಾರ್ಡಿಗೆ ಬರುವ ಶಿಕ್ಷಕರೂ ಸ್ವಯಂಸೇವಕರೂ ಅದನ್ನೇ ಹೇಳುತ್ತಾರೆ.

ನೀವು ಈ ಮೂವರಲ್ಲಿ ಒಬ್ಬರಾಗಿದ್ದರೆ ಮುಂದಿನ ಮಾತು ನಿಮಗಾಗಿ.

ಆಸ್ಪತ್ರೆಯಲ್ಲಿ ಓದುವ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಥಲಸ್ಸೇಮಿಯಾ ಇರುವ ಮಗು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಸುಟ್ಟಗಾಯ, ಮೂಳೆ ಮುರಿತ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಇವೆಲ್ಲ ತಿಂಗಳುಗಟ್ಟಲೆ ಹಾಸಿಗೆ ಹಿಡಿಸಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯಿಂದ ಬಂದ ಮಗುವಿಗೆ ಶಾಲೆ, ಗೆಳೆಯರು, ಊರಿನ ಮಾತು ಎಲ್ಲವೂ ಒಂದೇ ದಿನ ದೂರವಾಗುತ್ತವೆ.

ಆಸ್ಪತ್ರೆಯ ಮಕ್ಕಳಿಗೆ ಆಟಪಾಠ ಬೇಕೆನ್ನುವುದು ಹೊಸ ಮಾತಲ್ಲ. ಇಂಗ್ಲೆಂಡಿನಲ್ಲಿ 1950ರ ದಶಕದವರೆಗೂ ಎಷ್ಟೋ ಆಸ್ಪತ್ರೆಗಳು ತಾಯಿಯನ್ನೇ ಮಗುವಿನ ಹತ್ತಿರ ಬಿಡುತ್ತಿರಲಿಲ್ಲ. ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವೊಂದನ್ನು ಚಿತ್ರೀಕರಿಸಿ ತೋರಿಸಿದ ಮೇಲೆ, 1959ರಲ್ಲಿ ಅಲ್ಲಿನ ಪ್ಲ್ಯಾಟ್ ಸಮಿತಿ ತಾಯಿತಂದೆಗೆ ಮುಕ್ತ ಪ್ರವೇಶ ಇರಬೇಕು, ಮಕ್ಕಳಿಗೆ ಆಟವೂ ಪಾಠವೂ ಸಿಗಬೇಕು ಎಂದಿತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಟವನ್ನು ಹಕ್ಕು ಎಂದೇ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಇತಿಹಾಸ ಇಷ್ಟು ಸಾಕು.

ಯಾವುದು ಫಲ ಕೊಡುತ್ತದೆ, ಏಕೆ?

ಆಸ್ಪತ್ರೆಯಲ್ಲಿ ಮಗುವಿನ ಕೈಯಲ್ಲಿ ಯಾವ ತೀರ್ಮಾನವೂ ಇರುವುದಿಲ್ಲ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಕೈಗೆ ಸೂಜಿ, ಯಾವಾಗ ಸ್ಕ್ಯಾನಿಂಗು, ಊರಿಗೆ ಯಾವಾಗ, ಎಲ್ಲವನ್ನೂ ಬೇರೆಯವರು ಹೇಳುತ್ತಾರೆ. ಅವರು ಹೇಳಲೇಬೇಕು, ಬೇರೆ ದಾರಿ ಇಲ್ಲ. ಆದರೆ ದಿನವಿಡೀ ‘ಹೂಂ’ ಅನ್ನುತ್ತ ಇರಬೇಕಾದ ಮಗುವಿನ ಮುಂದೆ ನೀವು ಇನ್ನೊಂದು ‘ಮಾಡು’ ಇಟ್ಟರೆ, ಅದು ಎಷ್ಟೇ ಬಣ್ಣಬಣ್ಣದ್ದಾಗಿರಲಿ, ಮಗುವಿಗೆ ಅದೂ ಒಂದು ಚಿಕಿತ್ಸೆಯಂತೆಯೇ ಕಾಣುತ್ತದೆ. ಗೋಡೆ ಕಡೆ ತಿರುಗುವುದು ಸೋಮಾರಿತನದಿಂದಲ್ಲ. ಅಲ್ಲಿ ಮಗು ಮಾಡಬಹುದಾದ ತೀರ್ಮಾನ ಅದೊಂದೇ.

ಹಾಗಾಗಿ ಆಸ್ಪತ್ರೆ ಶಾಲೆಯ ಚಟುವಟಿಕೆಗೆ ನಾನು ಇಡುವ ಮೊದಲ ಪರೀಕ್ಷೆ ಇದು: ಇದರಲ್ಲಿ ಮಗು ಏನನ್ನು ತೀರ್ಮಾನಿಸುತ್ತದೆ? ಎರಡನೆಯದು, ಇದರಿಂದ ಮಗು ಬೇರೆಯವರಿಗೆ ಏನನ್ನಾದರೂ ಕೊಡುತ್ತದೆಯೇ? ಸದಾ ಇಸಿದುಕೊಳ್ಳುವವನಾಗಿಯೇ ಉಳಿಯುವುದು ಮಕ್ಕಳನ್ನು ಕುಗ್ಗಿಸುತ್ತದೆ. ಒಗಟು ಹಾಕಿ ಡಾಕ್ಟರನ್ನು ತಬ್ಬಿಬ್ಬು ಮಾಡಿದ ಹುಡುಗಿ ಆ ದಿನ ಬೇರೆಯೇ ದನಿಯಲ್ಲಿ ಮಾತಾಡುತ್ತಾಳೆ. ಮೂರನೆಯದು ಬರಿಯ ಅನುಕೂಲದ ಮಾತು: ಯಾವ ಕ್ಷಣದಲ್ಲಿ ನಿಲ್ಲಿಸಿದರೂ ಕೆಡದಂತಿರಬೇಕು, ಒಂದೇ ಕೈಯಲ್ಲಿ ಮಾಡುವಂತಿರಬೇಕು, ಒರೆಸಿ ಶುಚಿ ಮಾಡುವಂತಿರಬೇಕು.

“ಮಿಸ್, ಇವತ್ತು ಬೇಡ” ಎಂದು ಮಗು ಹೇಳಿದರೆ ಒತ್ತಾಯವೂ ಬೇಡ, ಬೇಸರವೂ ಬೇಡ. “ಆಯ್ತು ಪುಟ್ಟ. ಇದನ್ನ ಇಲ್ಲೇ ಇಟ್ಟು ಹೋಗ್ಲಾ, ತಗೊಂಡು ಹೋಗ್ಲಾ?” ಎಂದು ಕೇಳಿ. ಬೇಡ ಎಂದ ಮೇಲೂ ಒಂದು ಆಯ್ಕೆ ಅದರ ಕೈಯಲ್ಲೇ ಉಳಿಯುತ್ತದೆ. ಇಟ್ಟುಹೋಗಿ ಎನ್ನುವ ಮಕ್ಕಳೇ ಹೆಚ್ಚು.

ಶುರು ಮಾಡುವ ಮುನ್ನ ಸಿಸ್ಟರನ್ನು ಕೇಳಿ

ವಾರ್ಡಿನೊಳಗೆ ಕಾಲಿಡುವ ಪ್ರತಿ ದಿನವೂ ಈ ಪ್ರಶ್ನೆಗಳು ಹೊಸವು. ನಿನ್ನೆಯ ಉತ್ತರ ಇವತ್ತಿಗೆ ನಡೆಯುವುದಿಲ್ಲ.

1. ಈ ಮಗುವಿನ ಕೌಂಟ್ ಹೇಗಿದೆ? ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಹಂಚಿಕೊಂಡು ಆಡುವ ಸಾಮಾನು, ಮಣ್ಣು, ಹಸಿ ಹೂವು, ನಿಂತ ನೀರು ಯಾವುದೂ ಬೇಡ. ಪ್ಲೇಟ್‌ಲೆಟ್ ಇಳಿದಿದ್ದರೆ ಕತ್ತರಿ, ಚೂಪಾದ ಪೆನ್ಸಿಲ್, ಓಡಾಟದ ಆಟ ಬೇಡ.
2. ಸೂಜಿ ಯಾವ ಕೈಯಲ್ಲಿದೆ? ಬರೆಯುವ ಕೈಯಲ್ಲಿದ್ದರೆ ಹೇಳಿ ಬರೆಸುವ, ನೋಡುವ, ಕೇಳುವ ಚಟುವಟಿಕೆ ಆರಿಸಿ.
3. ಇವತ್ತು ಹೊಟ್ಟೆ ಖಾಲಿ ಇಡಬೇಕೇ? ಪರೀಕ್ಷೆಗಾಗಿ ಉಪವಾಸ ಇರುವ ಮಗುವಿನ ಮುಂದೆ ತಿಂಡಿಯ ಚಿತ್ರ, ಅಡುಗೆ ಆಟ ತರಬೇಡಿ.
4. ಬಾಯಿಹುಣ್ಣು ಇದೆಯೇ? ಇದ್ದರೆ ಹಾಡು, ಊದುವ ಆಟ ನೋವಾಗುತ್ತದೆ.
5. ಜ್ವರ ಬಂದಿತ್ತೇ? ಆಟದ ನಡುವೆ ಮೈ ಬಿಸಿ ಅನ್ನಿಸಿದರೆ, ಚಳಿ ಎಂದರೆ, ಕೂಡಲೇ ಸಿಸ್ಟರಿಗೆ ಹೇಳಿ. ಕೌಂಟ್ ಇಳಿದ ಮಗುವಿಗೆ ಜ್ವರ ತುರ್ತು ಸ್ಥಿತಿ. ಆಟ ಮುಗಿಯಲಿ ಎಂದು ಕಾಯುವಂತಿಲ್ಲ.

ಔಷಧಿಯ ಬಗ್ಗೆಯೂ ಒಂದಿಷ್ಟು ತಿಳಿದಿರಲಿ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೈಕಾಲಿನ ನರಗಳನ್ನು ಸೋಲಿಸಬಹುದು. ಆಗ ಪೆನ್ಸಿಲ್ ಹಿಡಿತ ಜಾರುತ್ತದೆ, ಗುಂಡಿ ಹಾಕಿಕೊಳ್ಳಲೂ ಕಷ್ಟ. ಸ್ಟೀರಾಯ್ಡ್ ನಡೆಯುವ ದಿನಗಳಲ್ಲಿ ವಿಪರೀತ ಹಸಿವು, ಸಿಟ್ಟು, ಅಳು. ಚೆಂದವಾಗಿ ಬರೆಯುತ್ತಿದ್ದ ಹುಡುಗನ ಅಕ್ಷರ ಕೆಟ್ಟರೆ “ಯಾಕೋ ಗೀಚ್ತಿದೀಯ?” ಎನ್ನುವ ಮುನ್ನ ಇದು ನೆನಪಾಗಬೇಕು. ತಾಯಿಗೂ ಇದನ್ನು ತಿಳಿಸಿ. ಅವರು ಮಗನನ್ನು ಗದರಿ ಆಮೇಲೆ ತಾವೇ ಸಂಕಟಪಡುವುದು ತಪ್ಪುತ್ತದೆ.

ಸಮಯದ ವಿಚಾರ: ಬೆಳಗಿನ ರೌಂಡ್ಸ್ ಹೊತ್ತಿಗೆ ಏನೂ ಹಚ್ಚಿಕೊಳ್ಳಬೇಡಿ. ರೌಂಡ್ಸ್ ಮುಗಿದು ಊಟದ ತನಕ, ಮತ್ತೆ ಸಂಜೆ ನಾಲ್ಕರ ನಂತರ ಮಕ್ಕಳು ಒಂದಿಷ್ಟು ಗೆಲುವಾಗಿರುತ್ತಾರೆ. ಒಂದು ಚಟುವಟಿಕೆ 15ರಿಂದ 20 ನಿಮಿಷಕ್ಕೆ ಮುಗಿಯುವಂತಿರಲಿ. ಮಗು ಮುಂದುವರಿಸೋಣ ಎಂದರೆ ಮುಂದುವರಿಸಿ.

ಮಾಡಿಸಬಹುದಾದ ಚಟುವಟಿಕೆಗಳು

1. ದಿನಕ್ಕೊಂದು ಒಗಟು. ಇದಕ್ಕೆ ಒಂದು ಚೀಟಿ, ಒಂದು ಪೆನ್ನು ಸಾಕು. ಹಳೆಯ ಒಗಟುಗಳನ್ನು ಅಜ್ಜಿಗೆ ಫೋನ್ ಮಾಡಿ ಕೇಳಬಹುದು. ಅದಕ್ಕಿಂತ ಮಜಾ ಬರುವುದು ವಾರ್ಡಿನಲ್ಲಿ ಕಂಡ ವಸ್ತುಗಳ ಮೇಲೆ ಹೊಸದು ಕಟ್ಟುವಾಗ. ಡ್ರಿಪ್ ಸ್ಟ್ಯಾಂಡಿನ ಮೇಲೆ ಹೀಗೆ ಕಟ್ಟಬಹುದು: “ಒಂಟಿಗಾಲಿನ ಅಣ್ಣ, ತಲೆ ಮೇಲೆ ನೀರಿನ ಚೀಲ, ನಾನು ಹೋದಲ್ಲೆಲ್ಲ ಹಿಂದೆ ಬರ್ತಾನೆ.” ಒಗಟು ಕಟ್ಟಲು ಮಗು ಆ ವಸ್ತುವನ್ನು ಗಮನಿಸಿ ನೋಡಬೇಕು, ಅದರ ಹೆಸರು ಬಿಟ್ಟು ಗುಣಗಳನ್ನು ಮಾತ್ರ ಹೇಳಬೇಕು. ಭಾಷಾ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಚೀಟಿಯನ್ನು ಮಂಚದ ತಲೆಕಡೆಗೆ ಅಂಟಿಸಿ. ರೌಂಡ್ಸಿಗೆ ಬಂದ ಡಾಕ್ಟರು ಉತ್ತರ ಹೇಳಲೇಬೇಕೆಂದು ಮೊದಲೇ ಅವರೊಂದಿಗೆ ಮಾತಾಡಿಕೊಳ್ಳಿ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ.

2. ಚೌಕಾಬಾರ. ಮೈಸೂರು ಸೀಮೆಯಲ್ಲಿ ಚೌಕಾಬಾರ, ಕೆಲವೆಡೆ ಕಟ್ಟೆಮನೆ ಎನ್ನುವ ಈ ಆಟ ಆಸ್ಪತ್ರೆಗೆ ಹೇಳಿ ಮಾಡಿಸಿದಂತಿದೆ. ಮಲಗಿಯೇ ಆಡಬಹುದು, ಒಂದೇ ಕೈ ಸಾಕು, ನಡುವೆ ಔಷಧಿಗೆ ಎದ್ದರೂ ಕಾಯಿಗಳು ಅಲ್ಲೇ ಇರುತ್ತವೆ. ಗಟ್ಟಿ ಕಾಗದದ ಮೇಲೆ ಐದು ಸಾಲು, ಸಾಲಿಗೆ ಐದು ಮನೆ ಎಳೆದು ಲ್ಯಾಮಿನೇಟ್ ಮಾಡಿಸಿ. ಒರೆಸಿ ಶುಚಿ ಮಾಡಲು ಸುಲಭ. ಕವಡೆಯ ಸಂದಿಯಲ್ಲಿ ಕೊಳೆ ಕೂರುತ್ತದೆ. ಅದರ ಬದಲು ನಾಲ್ಕು ದೊಡ್ಡ ಪ್ಲಾಸ್ಟಿಕ್ ಗುಂಡಿ ತೆಗೆದುಕೊಂಡು ಒಂದು ಬದಿಗೆ ಅಳಿಸದ ಮಾರ್ಕರಿನಿಂದ ಗುರುತು ಹಾಕಿ.

ಗುರುತು ಮೇಲಾಗಿ ಬಿದ್ದದ್ದು ಒಂದಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಮೇಲಾದರೆ ನಾಲ್ಕು, ಅದೇ ಚೌಕಾ. ನಾಲ್ಕೂ ಕೆಳಗಾದರೆ ಎಂಟು, ಅದೇ ಬಾರಾ. ಆರನೇ ತರಗತಿ ದಾಟಿದ ಮಗುವಿಗೆ ಇಲ್ಲಿ ಒಂದು ಪ್ರಶ್ನೆ ಹಾಕಿ: ಎರಡು ಬೀಳುವಷ್ಟು ಸಲ ಬಾರಾ ಯಾಕೆ ಬೀಳುವುದಿಲ್ಲ? ಉತ್ತರ ನೀವು ಹೇಳಬೇಡಿ. ನೂರು ಸಲ ಹಾಕಿ, ಪ್ರತಿ ಸಲ ಬಿದ್ದದ್ದಕ್ಕೆ ಒಂದು ಗೆರೆ ಎಳೆಯಲಿ, ಕೊನೆಗೆ ಕಂಬದ ಚಿತ್ರ ಬರೆಯಲಿ. ನೂರನ್ನು ಒಂದೇ ದಿನ ಮುಗಿಸಬೇಕಿಲ್ಲ. ನಾಲ್ಕು ಗುಂಡಿ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವ ಬಗೆ 6, ಚೌಕಾ ಒಂದೇ, ಬಾರಾ ಒಂದೇ. ತನ್ನದೇ ಪಟ್ಟಿಯಲ್ಲಿ ಎರಡರ ಕಂಬ ಎತ್ತರವಾಗಿ ನಿಂತದ್ದನ್ನು ಕಂಡ ಮಗುವಿಗೆ ಈ ಲೆಕ್ಕ ಹೇಳಿದರೆ ಸಂಭವನೀಯತೆಯ ಪಾಠ ತಲೆಯಲ್ಲಿ ನಿಲ್ಲುತ್ತದೆ. ಮುಂದೆ ಕವಡೆಯಲ್ಲೂ ಹೀಗೇ ಆಗುತ್ತದಾ ಎಂದು ಅದೇ ಕೇಳಬಹುದು. ಕವಡೆಯ ಎರಡು ಬದಿ ಒಂದೇ ಆಕಾರದವಲ್ಲ ಎಂಬಲ್ಲಿಂದ ಇನ್ನೊಂದು ವಾರದ ಮಾತು ಶುರುವಾಗುತ್ತದೆ.

ಅಳಗುಳಿಮಣೆಯೂ ಆಗುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ ಇರುವ ಪ್ಲಾಸ್ಟಿಕ್ ಐಸ್ ಟ್ರೇ ಸಿಕ್ಕರೆ ಮಣೆ ಬೇಕಿಲ್ಲ.

3. ಕಿಟಕಿಯ ದಿನಚರಿ. ಕೌಂಟ್ ಇಳಿದ ಮಗುವಿಗೆ ಕುಂಡದ ಗಿಡವನ್ನೂ ಹತ್ತಿರ ತರುವಂತಿಲ್ಲ. ಹಾಗೆಂದು ಪರಿಸರ ಪಾಠ ನಿಲ್ಲಬೇಕಿಲ್ಲ. ಕಿಟಕಿಯಿಂದ ಕಾಣುವ ಒಂದು ಮರವನ್ನು ಮಗುವೇ ಆರಿಸಲಿ. ಹೆಸರು ಗೊತ್ತಿಲ್ಲದಿದ್ದರೆ ಸದ್ಯಕ್ಕೆ ತಾನೇ ಒಂದು ಹೆಸರಿಡಲಿ. ದಿನಕ್ಕೊಮ್ಮೆ ಮೂರು ಸಾಲು: ಎಲೆ ಹೇಗಿದೆ, ಹೂವೋ ಕಾಯೋ ಏನಿದೆ, ಯಾರು ಬಂದರು. ಫೆಬ್ರವರಿ ಮಾರ್ಚಿನಲ್ಲಿ ಬೆಂಗಳೂರಿನ ತಬೇಬುಯಾ ಗುಲಾಬಿ ಬಣ್ಣಕ್ಕೆ ತಿರುಗುವುದನ್ನೂ ಹೊಂಗೆ ಹೊಸ ಎಲೆ ಬಿಡುವುದನ್ನೂ ನಾಲ್ಕನೇ ಮಹಡಿಯಿಂದ ನೋಡುವುದು ಕೆಳಗಿನಿಂದ ನೋಡಿದ್ದಕ್ಕಿಂತ ಚೆನ್ನ. ಹದ್ದು, ಕಾಗೆ, ಪಾರಿವಾಳ, ಅಳಿಲು ಎಲ್ಲ ಆಸ್ಪತ್ರೆಯ ಸುತ್ತಲೂ ಇದ್ದೇ ಇರುತ್ತವೆ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತದವರೂ 2013ರಿಂದ ಸೇರಿಕೊಂಡಿದ್ದಾರೆ. ಕಡೇಪಕ್ಷ 15 ನಿಮಿಷ ಒಂದೆಡೆ ಕೂತು ಕಂಡ ಹಕ್ಕಿಗಳನ್ನು ಎಣಿಸಿ ಇಬರ್ಡ್ ಜಾಲತಾಣಕ್ಕೆ ಹಾಕಿದರೆ ಆಯಿತು. ಹಾಸಿಗೆಯಲ್ಲಿ ಕೂತ ಹುಡುಗಿಯ ಎಣಿಕೆಯೂ ವಿಜ್ಞಾನಿಗಳು ಬಳಸುವ ಅದೇ ದಾಖಲೆಗೆ ಸೇರುತ್ತದೆ. ಅವಳಿಗೆ ಇದನ್ನು ತಪ್ಪದೆ ಹೇಳಿ. ಕಿಟಕಿಯಲ್ಲಿ ಗೋಡೆ ಬಿಟ್ಟು ಏನೂ ಕಾಣದಿದ್ದರೆ ನೆರಳು ಹಿಡಿಯಿರಿ: ಕಿಟಕಿ ಸರಳಿನ ನೆರಳು ಬಿದ್ದ ಜಾಗಕ್ಕೆ ಗಂಟೆಗೊಮ್ಮೆ ಕಾಗದದ ಟೇಪ್ ಅಂಟಿಸುತ್ತ ಹೋದರೆ ಸಂಜೆಗೆ ಒಂದು ಗಡಿಯಾರ ಸಿದ್ಧ.

4. ಸಿರಿಂಜಿನ ಜೆಸಿಬಿ. ಸಿರಿಂಜ್ ಎಂದರೆ ನಡುಗುವ ಮಕ್ಕಳಿಗೆ ಅದನ್ನೇ ಆಟಿಕೆ ಮಾಡಿಕೊಡಬಹುದು. ಬೇಕಾದ್ದು ಪ್ಯಾಕೆಟ್ಟಿನಿಂದ ಆಗತಾನೇ ತೆಗೆದ, ಸೂಜಿ ಇಲ್ಲದ ಎರಡು ಸಿರಿಂಜ್, ಒಂದು 5 ಎಂಎಲ್, ಇನ್ನೊಂದು 20 ಎಂಎಲ್. ಜೊತೆಗೆ ಅವುಗಳ ಬಾಯಿಗೆ ಬಿಗಿಯಾಗಿ ಕೂರುವ ಒಂದು ತುಂಡು ಹೊಸ ಪ್ಲಾಸ್ಟಿಕ್ ಕೊಳವೆ. ಕುದಿಸಿ ಆರಿಸಿದ ನೀರನ್ನು ಸಣ್ಣ ಸಿರಿಂಜಿಗೂ ಕೊಳವೆಗೂ ಗುಳ್ಳೆ ಇಲ್ಲದಂತೆ ತುಂಬಿ, ದಂಡ ಪೂರ್ತಿ ಒಳಗಿರುವ ದೊಡ್ಡ ಸಿರಿಂಜನ್ನು ಇನ್ನೊಂದು ತುದಿಗೆ ಸಿಕ್ಕಿಸಿ.

ಮೊದಲು ಮಗು ಊಹಿಸಲಿ: ಸಣ್ಣದನ್ನು ಪೂರ್ತಿ ಒತ್ತಿದರೆ ದೊಡ್ಡದು ಎಷ್ಟು ಸರಿಯುತ್ತದೆ? ಆಮೇಲೆ ಒತ್ತಲಿ. ದೊಡ್ಡದರ ದಂಡ ಸ್ವಲ್ಪವೇ ಸರಿಯುತ್ತದೆ. ಈಗ ನೀವು ದೊಡ್ಡದನ್ನು ಬೆರಳಿನಿಂದ ತಡೆಯಲು ಹೋಗಿ. ಮಗುವಿನ ಒಂದು ಬೆರಳಿಗೆ ನಿಮ್ಮ ಬೆರಳು ಸೋಲುತ್ತದೆ. ಒತ್ತಡ ಎರಡೂ ಕಡೆ ಒಂದೇ, ಆದರೆ ದೊಡ್ಡದರಲ್ಲಿ ಅದು ತಾಗುವ ಜಾಗ ಹೆಚ್ಚು, ಅದಕ್ಕೇ ಬಲ ಹೆಚ್ಚು. ಜೆಸಿಬಿಯ ಕೈ ಮಣ್ಣೆತ್ತುವುದೂ ಇದೇ ಲೆಕ್ಕದಲ್ಲಿ. ಪ್ಯಾಸ್ಕಲನ ಹೆಸರು ಕೊನೆಗೆ ಹೇಳಿದರೆ ಸಾಕು.

ಇಲ್ಲಿ ಎಚ್ಚರ ತಪ್ಪುವಂತಿಲ್ಲ. ಒಮ್ಮೆ ಬಳಸಿದ ಸಿರಿಂಜ್ ಯಾವ ಕಾರಣಕ್ಕೂ ಬೇಡ. ಸಿಸ್ಟರ್ ಕೈಯಿಂದಲೇ ಪಡೆಯಿರಿ. ಆಟದ ಸಿರಿಂಜಿಗೆ ಬಣ್ಣದ ಟೇಪ್ ಸುತ್ತಿ. ಔಷಧಿ ಟ್ರೇಯ ಸಿರಿಂಜಿನೊಂದಿಗೆ ಬೆರೆಯಬಾರದು. ಮುಗಿದ ಕೂಡಲೇ ನೀರು ಚೆಲ್ಲಿ, ಎಣಿಸಿ ವಾಪಸ್ ಪಡೆಯಿರಿ. ಮೈಗೆ ಹಾಕಿದ ಕೊಳವೆಗೆ ಇದನ್ನು ಎಂದಿಗೂ ಜೋಡಿಸಬಾರದು ಎಂದು ಮಗುವಿಗೆ ನೇರವಾಗಿ ಹೇಳಿ. ದೊಡ್ಡವರು ಪಕ್ಕದಲ್ಲೇ ಕೂತಿರದಿದ್ದರೆ ಈ ಆಟವೇ ಬೇಡ. ಹತ್ತು ವರ್ಷ ದಾಟಿದವರಿಗೆ ಮಾತ್ರ ಕೊಡಿ.

5. ಕೊನ್ನಕೋಲು. ಕರ್ನಾಟಕ ಸಂಗೀತದಲ್ಲಿ ಲಯವನ್ನು ಬಾಯಿಯಲ್ಲೇ ನುಡಿಸುವ ಈ ವಿದ್ಯೆಗೆ ವಾದ್ಯವೇ ಬೇಡ. ಮಗುವಿಗೆ ‘ತಕಿಟ’ ಮೂರು, ‘ತಕಧಿಮಿ’ ನಾಲ್ಕು ಎಂದು ಹೇಳಿಕೊಡಿ. ಒಂದು ಮಂಚದವರು ತಕಿಟ, ಎದುರಿನ ಮಂಚದವರು ತಕಧಿಮಿ ಒಟ್ಟಿಗೆ ಶುರು ಮಾಡಲಿ. ಯಾವಾಗ ಇಬ್ಬರ ‘ತ’ ಮತ್ತೆ ಒಟ್ಟಿಗೆ ಬೀಳುತ್ತದೆ? ಹನ್ನೆರಡು ಕಳೆದ ಮೇಲೆ. ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ಉದ್ದನೆಯ ಹೆಸರಿಗೆ ಹೆದರಿದ ಮಕ್ಕಳಿಗೆ ಅದು ಕಿವಿಗೇ ಕೇಳಿಸುತ್ತದೆ. ಬಾಯಿಹುಣ್ಣು ಇದ್ದವರು ಬೆರಳಲ್ಲಿ ತಟ್ಟಲಿ. ಪಕ್ಕದ ಮಂಚದಲ್ಲಿ ಯಾರಾದರೂ ನಿದ್ದೆ ಮಾಡುತ್ತಿದ್ದರೆ ಪಿಸುದನಿಯಲ್ಲಿ.

6. ಒಂದೇ ಹಾಳೆಯ ಪುಸ್ತಕ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಮನೆ ಕಾಣುತ್ತದೆ. ಈಗ ಗಿಡ್ಡ ಅಂಚುಗಳು ಒಂದರ ಮೇಲೊಂದು ಬರುವಂತೆ ಅರ್ಧಕ್ಕೆ ಮಡಚಿ. ಮಡಿಕೆಯ ಕಡೆಯಿಂದ ನಡುಗೆರೆಯಲ್ಲಿ ಒಂದು ಮನೆಯಷ್ಟು ಉದ್ದ ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿಯನ್ನೂ ನಡುವಿಗೆ ತಳ್ಳಿದರೆ ನಡುವಿನ ಸೀಳು ಬಾಯಿ ತೆರೆಯುತ್ತದೆ. ಹಾಗೇ ಸುತ್ತಿ ಮಡಚಿದರೆ ಎಂಟು ಪುಟದ ಪುಸ್ತಕ. ಅಂಟೂ ಬೇಡ, ದಾರವೂ ಬೇಡ. ಕತ್ತರಿಸುವುದೊಂದನ್ನು ನೀವು ಮಾಡಿ.

ಏನು ಬರೆಯಬೇಕು ಎನ್ನುವುದು ಮಗುವಿನದೇ. ‘ನನ್ನ ಕಾಯಿಲೆ’ ಎಂಬ ವಿಷಯವನ್ನು ನೀವಾಗಿ ಕೊಡಬೇಡಿ. ಬೆರಳು ಸೋತಿದ್ದರೆ ಅದು ಹೇಳಲಿ, ನೀವು ಬರೆಯಿರಿ. ಅದರ ಮಾತನ್ನು ತಿದ್ದಬೇಡಿ. ‘ಹೋಗಾಕತ್ತಿದ್ದೆ’ ಎಂದರೆ ಹಾಗೇ ಇರಲಿ. ಓದಲು ಪುಸ್ತಕ ಬೇಕೆಂದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ತೆಲುಗು, ಉರ್ದು, ತಮಿಳಿನ ಪುಸ್ತಕಗಳೂ ಇವೆ. ಬೆಂಗಳೂರಿನ ವಾರ್ಡುಗಳಲ್ಲಿ ನಾಲ್ಕು ಮಂಚಕ್ಕೆ ನಾಲ್ಕು ಭಾಷೆ ಇರುವುದರಿಂದ ಇದು ದೊಡ್ಡ ಅನುಕೂಲ.

7. ನಮ್ಮೂರ ನಕ್ಷೆ. ಇದು ಮಗುವಿಗೆ ಎಷ್ಟೋ ತಾಯಿಗೂ ಅಷ್ಟೇ. ಹಗಲಿಡೀ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿರುವ ತಾಯಿಗೆ ಮಾಡಲು ಏನೂ ಇರುವುದಿಲ್ಲ. ದೊಡ್ಡ ಹಾಳೆಯ ನಡುವೆ ಮನೆ ಬರೆದು, ಅಲ್ಲಿಂದ ಶಾಲೆಗೆ ದಾರಿ, ಹಳ್ಳ, ಗುಡಿ, ದರ್ಗಾ, ಕಿರಾಣಿ ಅಂಗಡಿ ಒಂದೊಂದಾಗಿ ಸೇರಿಸಲಿ. “ಅಲ್ಲವ್ವಾ, ಹುಣಸಿಮರ ಈಚಿ ಕಡಿ ಐತಿ” ಎಂದು ಮಗ ತಾಯಿಯನ್ನು ತಿದ್ದುವಾಗ ನೀವು ಸುಮ್ಮನೆ ಎದ್ದು ಬೇರೆ ಮಂಚಕ್ಕೆ ಹೋಗಬಹುದು. ಆಮೇಲೆ ದಿಕ್ಕು, ಅಳತೆ, ಗುರುತುಗಳ ಪಾಠ ಸೇರಿಸಿ.

8. ನೆರಳಿನ ಗೊಂಬೆ. ತೊಗಲುಗೊಂಬೆ ಆಟದ ನಾಡು ನಮ್ಮದು. ಕಪ್ಪು ರಟ್ಟು, ಕಡ್ಡಿ, ಮೊಬೈಲ್ ಟಾರ್ಚು, ಎದುರಿಗೊಂದು ಬಿಳಿ ಗೋಡೆ ಸಾಕು. ಗೊಂಬೆ ಟಾರ್ಚಿಗೆ ಹತ್ತಿರ ಬಂದಂತೆ ನೆರಳು ಏಕೆ ಬೆಳೆಯುತ್ತದೆ ಎಂದು ಕೇಳಿ. ಹೇಳಲಾಗದ ಭಯವನ್ನು ಗೊಂಬೆಯ ಬಾಯಲ್ಲಿ ಹೇಳಿಸುವ ಮಕ್ಕಳಿದ್ದಾರೆ. ಆಗ ಪ್ರಶ್ನೆ ಕೇಳದೆ ಕೇಳಿಸಿಕೊಳ್ಳಿ. ಪರದೆ ಕಟ್ಟಲು ಡ್ರಿಪ್ ಸ್ಟ್ಯಾಂಡ್ ಮುಟ್ಟಬೇಡಿ.

9. ವಾರ್ಡ್ ವಾರ್ತೆ. ಹದಿಮೂರು ದಾಟಿದವರನ್ನು ನಾವು ಮರೆತೇಬಿಡುತ್ತೇವೆ. ಮಕ್ಕಳ ವಾರ್ಡಿನ ಗೋಡೆಯಲ್ಲಿ ಕರಡಿ, ಮೊಲದ ಚಿತ್ರ. ಅದರ ಕೆಳಗೆ ಎಸ್ಸೆಸ್ಸೆಲ್ಸಿ ಹುಡುಗ. ಅವನಿಗೆ ಒಂದು ಗೋಡೆಪತ್ರಿಕೆಯ ಸಂಪಾದಕತ್ವ ಕೊಡಿ. ಕ್ರಿಕೆಟ್ ಸ್ಕೋರು, ಕ್ಯಾಂಟೀನಿನ ಇವತ್ತಿನ ತಿಂಡಿ, ಸಿಸ್ಟರ್ ಸಂದರ್ಶನ, ಸಣ್ಣ ಮಕ್ಕಳ ಚಿತ್ರ. ಏನು ಹಾಕಬೇಕು, ಏನು ಬಿಡಬೇಕು ಎನ್ನುವುದು ಅವನ ತೀರ್ಮಾನ. ಒಂದೇ ನಿಯಮ: ಯಾರ ಕಾಯಿಲೆಯ ವಿಷಯವೂ ಪತ್ರಿಕೆಯಲ್ಲಿ ಬರಬಾರದು.

ಶುಚಿ ಮತ್ತು ಸುರಕ್ಷೆ

ಪ್ರತಿ ಮಂಚಕ್ಕೆ ಹೋಗುವ ಮುನ್ನ, ಹೋಗಿಬಂದ ಮೇಲೆ ಕೈ ತೊಳೆಯಿರಿ. ಮಗುವಿನ ಕೈಯನ್ನೂ ತೊಳೆಸಿ. ನಿಮಗೇ ನೆಗಡಿ, ಕೆಮ್ಮು ಇದ್ದರೆ ಆ ದಿನ ಬರಬೇಡಿ, ಮಕ್ಕಳು ಕಾಯುತ್ತಿರುತ್ತಾರೆಂದು ಅನ್ನಿಸಿದರೂ ಬರಬೇಡಿ. ಪ್ಲಾಸ್ಟಿಕ್ ಸಾಮಾನನ್ನು ಸೋಪುನೀರಲ್ಲಿ ತೊಳೆದು, ಆಸ್ಪತ್ರೆಯವರು ಹೇಳಿದ ಸೋಂಕುನಾಶಕದಿಂದ ಒರೆಸಿ, ಒಣಗಿಸಿ. ಕಾಗದ, ಕ್ರೇಯಾನ್, ಬಟ್ಟೆಯ ಗೊಂಬೆ ಒಬ್ಬರಿಂದ ಒಬ್ಬರಿಗೆ ದಾಟಬಾರದು. ಪ್ರತಿ ಮಗುವಿಗೆ ಹೆಸರು ಬರೆದ ಒಂದು ಜಿಪ್ ಚೀಲ ಮಾಡಿಕೊಡಿ.

ಬಲೂನು ಬೇಡ: ರಬ್ಬರಿನ ಅಲರ್ಜಿ ಇರಬಹುದು, ಒಡೆದ ತುಂಡು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಬಹುದು. ಮಣಿ, ಗುಂಡಿ ಮೂರು ವರ್ಷದೊಳಗಿನವರ ಕೈಗೆ ಸಿಗದಿರಲಿ. ಆಮ್ಲಜನಕ ಇರುವ ಕಡೆ ಹುಟ್ಟುಹಬ್ಬವಾದರೂ ಮೇಣದಬತ್ತಿ ಹಚ್ಚುವಂತಿಲ್ಲ. ಘಾಟು ವಾಸನೆಯ ಅಂಟು, ಮಾರ್ಕರು, ಪೇಂಟು ಕೀಮೋ ನಡೆಯುವ ಮಗುವಿಗೆ ವಾಂತಿ ತರಿಸುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸ್ಪರ್ಧೆ ಇಡುವುದು. ಬಹುಮಾನ ಇಟ್ಟರೆ ಉತ್ಸಾಹ ಬರುತ್ತದೆಂದು ಇಡುತ್ತೇವೆ. ಎದ್ದು ಕೂರಲಾಗದ ಮಗು ಆಗ ಇನ್ನೊಂದು ಕಡೆಯೂ ಸೋಲುತ್ತದೆ.

ಮಗುವಿನ ಕೆಲಸವನ್ನು ನಾವು ಚೆಂದ ಮಾಡುವುದು. ಗೋಡೆಗೆ ಹಾಕಲು ಒಪ್ಪವಾಗಿರಲಿ ಎಂದು ದೊಡ್ಡವರು ತಿದ್ದಿದ ಚಿತ್ರ ಮಗುವಿನದಲ್ಲ. ಮಗುವಿಗೆ ಅದು ಗೊತ್ತಾಗುತ್ತದೆ.

ಫೋಟೊ ತೆಗೆಯುವುದು. ಕೂದಲು ಉದುರಿದ, ಮುಖ ಊದಿದ ಮಗುವಿನ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ದಾನಿಗಳಿಗೆ ತೋರಿಸಲು ಬೇಕೆಂದರೆ ಮಗು ಮಾಡಿದ ವಸ್ತುವಿನ ಫೋಟೊ ತೆಗೆಯಿರಿ, ಅದಕ್ಕೂ ಮಗುವಿನ, ತಾಯಿತಂದೆಯರ ಒಪ್ಪಿಗೆ ಪಡೆಯಿರಿ.

“ಬೇಗ ವಾಸಿಯಾಗಿ ಮನೆಗೆ ಹೋಗ್ತೀಯ” ಎಂದು ಮಾತು ಕೊಡುವುದು. ಅದು ನಿಮ್ಮ ಕೈಯಲ್ಲಿಲ್ಲ. “ಶುಕ್ರವಾರ ಬರ್ತೀನಿ” ಎನ್ನುವುದು ನಿಮ್ಮ ಕೈಯಲ್ಲಿದೆ. ಅದನ್ನು ಹೇಳಿದರೆ ತಪ್ಪಿಸಬೇಡಿ.

ಇನ್ನೊಂದು ತಪ್ಪಿನ ಬಗ್ಗೆ ಬರೆಯುವುದು ಕಷ್ಟ. ಪಕ್ಕದ ಮಂಚ ಒಂದು ಬೆಳಗ್ಗೆ ಖಾಲಿಯಾಗಿರುತ್ತದೆ, ಮಕ್ಕಳು “ಅವನೆಲ್ಲಿ?” ಎಂದು ಕೇಳುತ್ತಾರೆ. ಗಾಬರಿಯಲ್ಲಿ “ಊರಿಗೆ ಹೋದ” ಎಂದುಬಿಡುತ್ತೇವೆ. ನಿಜ ಸಂಜೆಯೊಳಗೆ ತಿಳಿಯುತ್ತದೆ, ಆಮೇಲೆ ನಿಜವಾಗಿಯೂ ಊರಿಗೆ ಹೋದ ಮಗುವಿನ ಸುದ್ದಿಯನ್ನೂ ಯಾರೂ ನಂಬುವುದಿಲ್ಲ. ಸುಳ್ಳು ಹೇಳಬೇಡಿ. “ಅದನ್ನ ಅಮ್ಮ, ಡಾಕ್ಟರು ಜೊತೆ ಕೂತು ಮಾತಾಡೋಣ” ಎಂದು ಹೇಳಿ, ಅವರೊಂದಿಗೆ ಏನು ಹೇಳಬೇಕೆಂದು ತೀರ್ಮಾನಿಸಿ, ಅದೇ ದಿನ ಮಾತಾಡಿ. ಆ ದಿನ ಚಟುವಟಿಕೆ ಇಲ್ಲದಿದ್ದರೂ ನಡೆಯುತ್ತದೆ. ನೀವು ಅಲ್ಲಿ ಕೂತಿದ್ದರೆ ಸಾಕು.

ಊರಿನ ಶಾಲೆಯ ನಂಟು

ಶಿಕ್ಷಣ ಹಕ್ಕು ಕಾಯ್ದೆ (2009) 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ. ಆದರೂ ತಿಂಗಳುಗಟ್ಟಲೆ ಗೈರಾದ ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಜಾರದಂತೆ ನೋಡಿಕೊಳ್ಳುವುದು ಒಳ್ಳೆಯದು. ಸೇರಿದ ಮೊದಲ ವಾರವೇ ವೈದ್ಯರ ಪತ್ರವನ್ನು ಮುಖ್ಯ ಶಿಕ್ಷಕರಿಗೆ ತಲುಪಿಸಿ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿವೆ; ಪ್ರಮಾಣಪತ್ರಕ್ಕೆ ಏನು ಮಾಡಬೇಕೆಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಪಠ್ಯಪುಸ್ತಕ ಊರಲ್ಲೇ ಉಳಿದಿದ್ದರೆ ದೀಕ್ಷಾ ಆ್ಯಪಿನಲ್ಲಿ ಸಿಗುತ್ತದೆ. ಹತ್ತನೇ ತರಗತಿಯವರಿಗೆ ಕೈ ಸೋತಿದ್ದರೆ ಬದಲಿ ಬರಹಗಾರರ ಬಗ್ಗೆ ಪರೀಕ್ಷೆ ಹತ್ತಿರ ಬರುವ ತನಕ ಕಾಯದೆ ಶಾಲೆಯಲ್ಲಿ ವಿಚಾರಿಸಿ.

ವಾರಕ್ಕೊಮ್ಮೆ ಹತ್ತು ನಿಮಿಷ ತರಗತಿಗೆ ವಿಡಿಯೊ ಕರೆ ಮಾಡಿಸಿ. ಬರಿಯ “ಹೇಗಿದ್ದೀಯ?” ಎನ್ನುವುದಕ್ಕಲ್ಲ, ಆಸ್ಪತ್ರೆಯ ಮಗು ತರಗತಿಗೆ ಒಂದು ಒಗಟು ಹಾಕಲಿ, ಉತ್ತರ ಮುಂದಿನ ವಾರ. ವಿಡಿಯೊದಲ್ಲಿ ಮುಖ ತೋರಿಸಲು ಇಷ್ಟವಿಲ್ಲದಿದ್ದರೆ ದನಿ ಮಾತ್ರ ಸಾಕು, ಅಥವಾ ಕಿಟಕಿಯಾಚೆಯ ಮರದ ಕಡೆ ಕ್ಯಾಮೆರಾ ತಿರುಗಿಸಲಿ.

ಡಿಸ್ಚಾರ್ಜ್ ದಿನ ಜಿಪ್ ಚೀಲ, ದಿನಚರಿ, ಚೌಕಾಬಾರದ ಮನೆ ಎಲ್ಲವೂ ಮಗುವಿನ ಜೊತೆ ಹೋಗಲಿ. ಊರಿನ ಟೀಚರಿಗೆ ಒಂದು ಪುಟದ ಪತ್ರ ಕೊಡಿ: ಏನೇನು ಕಲಿತಿದೆ, ಎಷ್ಟು ಹೊತ್ತು ಕೂರಬಲ್ಲದು, ಬರೆಯುವುದು ನಿಧಾನ ಏಕೆ, ಮಾಸ್ಕ್ ಏಕೆ, ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು. ಕೂದಲಿನ ಬಗ್ಗೆ, ಕಾಯಿಲೆಯ ಹೆಸರಿನ ಬಗ್ಗೆ ತರಗತಿಗೆ ಏನು ಹೇಳಬೇಕು, ಯಾರು ಹೇಳಬೇಕು ಎನ್ನುವುದನ್ನು ಪತ್ರ ಬರೆಯುವ ಮುನ್ನ ಮಗುವನ್ನೇ ಕೇಳಿ. ಏನೂ ಹೇಳಬೇಡಿ ಎಂದರೆ ಆ ಸಾಲನ್ನೂ ಪತ್ರದಲ್ಲಿ ಬರೆಯಿರಿ.